ಹೊಳೆಯ ಮೀನು, ತೊಟ್ಟಿಯ ಮೀನು: ಸಾಲ್ಮನ್ ಮರಿ ಬಿಟ್ಟರೆ ಮೀನುಪ್ರೇಮಿಗಳಿಗೇಕೆ ಸಿಟ್ಟು?

ಸಾಲ್ಮನ್ ಎಂದರೆ ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೇ ಮರಳುವ ಮೀನು. ಅಮೆರಿಕದ ವಾಯವ್ಯ ಮೂಲೆಯಿಂದ ಬರುವ ಅದರ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೊಲಂಬಿಯಾ ನದಿಗೂ ಅದರ ಉಪನದಿಗಳಿಗೂ ಅಲ್ಲಿನ ಹ್ಯಾಚರಿಗಳು, ಅಂದರೆ ಮೀನಿನ ಮೊಟ್ಟೆ ಒಡೆಸಿ ಮರಿ ಸಾಕುವ ಕೇಂದ್ರಗಳು, ವರ್ಷಕ್ಕೆ 10 ಕೋಟಿಗೂ ಹೆಚ್ಚು ಮೀನುಮರಿ ಬಿಡುತ್ತವೆ. ಆದರೆ ಅದೇ ನದಿ ಕೊಳ್ಳದ 13 ಸಾಲ್ಮನ್ ಮತ್ತು ಸ್ಟೀಲ್‌ಹೆಡ್ (ಸಾಲ್ಮನ್‌ನಂತೆಯೇ ಕಡಲಿಗೆ ಹೋಗಿ ಮರಳುವ ಟ್ರೌಟ್ ಮೀನು) ಸಂತತಿಗಳು ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿಯಲ್ಲಿವೆ. ಕ್ಯಾಲಿಫೋರ್ನಿಯಾದ ಹ್ಯಾಚರಿಗಳೂ ಕೋಟಿಗಟ್ಟಲೆ ಮರಿ ಬಿಡುತ್ತವೆ. ಆದರೂ 2023ರಿಂದ 2025ರವರೆಗೆ ಸತತ ಮೂರು ವರ್ಷ ಅಲ್ಲಿನ ಕಡಲಿನಲ್ಲಿ ವಾಣಿಜ್ಯ ಸಾಲ್ಮನ್ ಮೀನುಗಾರಿಕೆಗೆ ಬೀಗ ಬಿತ್ತು. ಮೀನು ಉಳಿಸಲೆಂದೇ ಹುಟ್ಟಿದ ಸಂಘಟನೆಗಳು ಹ್ಯಾಚರಿಗಳ ಮೇಲೆ ಮೊಕದ್ದಮೆ ಹೂಡುತ್ತವೆ. ಸಾಲ್ಮನ್ ಇಲ್ಲದೆ ತಮಗೆ ಹಬ್ಬವೇ ಇಲ್ಲ ಎನ್ನುವ ಮೂಲನಿವಾಸಿಗಳು ಅದೇ ಹ್ಯಾಚರಿಗಳಿಗೆ ಬೆನ್ನೆಲುಬಾಗಿ ನಿಲ್ಲುತ್ತಾರೆ.

ಇದರ ಮೇಲೆ 2025ರ ಜೂನ್ ತಿಂಗಳ ಸುದ್ದಿ. ಬೈಡನ್ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನಾಲ್ಕು ಮೂಲನಿವಾಸಿ ರಾಷ್ಟ್ರಗಳು ಹಾಗೂ ಆರೆಗಾನ್, ವಾಷಿಂಗ್ಟನ್ ರಾಜ್ಯಗಳೊಡನೆ ಮಾಡಿಕೊಂಡಿದ್ದ, 100 ಕೋಟಿ ಡಾಲರ್ ಮೀರಿದ ಸಾಲ್ಮನ್ ಒಪ್ಪಂದವನ್ನು ಅಧ್ಯಕ್ಷ ಟ್ರಂಪ್ ರದ್ದು ಮಾಡಿದರು. ಕೊಲಂಬಿಯಾದ ದೊಡ್ಡ ಉಪನದಿ ಸ್ನೇಕ್. ಅದರ ಕೆಳಹರಿವಿನಲ್ಲಿರುವ ನಾಲ್ಕು ಅಣೆಕಟ್ಟುಗಳನ್ನು ಮುಂದೊಂದು ದಿನ ಒಡೆಯುವ ಸಾಧ್ಯತೆಗೆ ಆ ಒಪ್ಪಂದ ಬಾಗಿಲು ತೆರೆದಿತ್ತು. ಬಾಗಿಲು ಮುಚ್ಚಿತು, ಕೋರ್ಟಿನ ಜಗಳ ಮರುಕಳಿಸಿತು. ಅಣೆಕಟ್ಟು ಉಳಿಯುತ್ತದೆ ಎಂದಾದರೆ ಮೀನಿಗೆ ಉಳಿಯುವುದು ನೂರೈವತ್ತು ವರ್ಷ ಹಳೆಯ ಉಪಾಯ ಒಂದೇ, ಅದು ಹ್ಯಾಚರಿ. ಹಾಗಾಗಿ ಹ್ಯಾಚರಿ ಮದ್ದೋ ವಿಷವೋ ಎಂಬ ಹಳೆಯ ವಾದಕ್ಕೆ ಈಗ ಹೊಸ ಬಿಸಿ ಬಂದಿದೆ.

ಮೊದಲಿಗೆ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಂಗಡಿಯಲ್ಲಿ ಸಿಗುವ ಅಟ್ಲಾಂಟಿಕ್ ಸಾಲ್ಮನ್ ಹೆಚ್ಚಾಗಿ ಸಾಕಣೆಯದು. ಅದು ಬಲೆಪಂಜರದಲ್ಲೇ ಬೆಳೆದು ಅಲ್ಲಿಂದಲೇ ತಟ್ಟೆಗೆ ಬರುತ್ತದೆ. ಇಲ್ಲಿನ ಚರ್ಚೆ ಅದರದಲ್ಲ. ಹ್ಯಾಚರಿಯ ಮರಿಯನ್ನು ಕೆಲವು ತಿಂಗಳು ಸಾಕಿ ಹೊಳೆಗೆ ಬಿಡುತ್ತಾರೆ. ಅದು ಕಡಲಿಗೆ ಹೋಗಿ, ವರ್ಷಗಟ್ಟಲೆ ಅಲೆದು, ದೊಡ್ಡದಾಗಿ ಮರಳುತ್ತದೆ. ಮಾತಿನ ಅನುಕೂಲಕ್ಕೆ ಅದನ್ನು ತೊಟ್ಟಿಮೀನು ಎಂದೂ, ಹೊಳೆಯಲ್ಲೇ ಹುಟ್ಟಿದ್ದನ್ನು ಹೊಳೆಮೀನು ಎಂದೂ ಕರೆಯೋಣ.

ಎರಡು ಬಗೆಯ ಹುಟ್ಟು

ಹೊಳೆಯಲ್ಲಿ ಹೆಣ್ಣು ಸಾಲ್ಮನ್ ಬಾಲದಿಂದ ಬೆಣಚುಕಲ್ಲು ಕೆದಕಿ ಗುಂಡಿ ತೋಡುತ್ತದೆ. ಗಂಡುಗಳು ಅಲ್ಲಿ ಕಾದಾಡುತ್ತವೆ. ಗೆದ್ದ ಗಂಡು ಪಕ್ಕಕ್ಕೆ ಬಂದಾಗ ಹೆಣ್ಣು ಮೊಟ್ಟೆಯಿಟ್ಟು, ಮೇಲೆ ಕಲ್ಲು ಸರಿಸಿ ಮುಚ್ಚಿ, ಮೈಯಲ್ಲಿ ಕಸುವಿರುವಷ್ಟು ದಿನ ಕಾವಲು ಕಾದು ಸಾಯುತ್ತದೆ. ಚಿನೂಕ್ ಜಾತಿಯ ಹೆಣ್ಣು ನಾಲ್ಕೈದು ಸಾವಿರ ಮೊಟ್ಟೆ ಇಡುತ್ತದೆ. ಚಳಿಗಾಲದ ಪ್ರವಾಹ, ಮೇಲೆ ಕೂರುವ ಕೆಸರು, ಹಸಿದ ಟ್ರೌಟ್, ಹಕ್ಕಿಗಳು ಎಲ್ಲವನ್ನೂ ದಾಟಿ ಕಡಲು ಸೇರುವ ಮರಿಗಳು ಅದರಲ್ಲೊಂದು ಚೂರು ಮಾತ್ರ. ಹುಟ್ಟಿದ ನೀರಿನ ವಾಸನೆ ಆ ಮರಿಗಳ ನೆನಪಿನಲ್ಲಿ ಉಳಿದು, ವರ್ಷಗಳ ನಂತರ ಅವುಗಳನ್ನು ತವರುಹೊಳೆಗೆ ಎಳೆದು ತರುತ್ತದೆ. ಹೀಗೆ ಸಾವಿರಾರು ತಲೆಮಾರು ಅದೇ ಹೊಳೆಗೆ ಮರಳಿ ಮರಳಿ, ಪ್ರತಿ ಹೊಳೆಯ ಮೀನೂ ಆ ಹೊಳೆಯ ತಂಪಿಗೆ, ಕಲ್ಲಿಗೆ, ಮಳೆಯ ಲೆಕ್ಕಕ್ಕೆ ಹೊಂದಿಕೊಂಡ ಬೇರೆಯೇ ಒಕ್ಕಲಾಗಿದೆ.

ಹ್ಯಾಚರಿಯಲ್ಲಿ ಅದೇ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಮೀನಿನ ಏಣಿ ಹತ್ತಿ ಬಂದ ಮೀನುಗಳನ್ನು ಕೆಲಸಗಾರರು ತಲೆಗೆ ಹೊಡೆದು ಕೊಲ್ಲುತ್ತಾರೆ. ಹೆಣ್ಣಿನ ಹೊಟ್ಟೆಯನ್ನು ಚೂರಿಯಿಂದ ಸೀಳಿದಾಗ ಕಿತ್ತಳೆ ಬಣ್ಣದ ಮೊಟ್ಟೆಗಳು ಮಣಿಯ ರಾಶಿಯಂತೆ ಬಕೆಟ್ಟಿಗೆ ಸುರಿಯುತ್ತವೆ. ಗಂಡಿನ ಹೊಟ್ಟೆ ಒತ್ತಿ ಹಾಲಿನಂಥ ವೀರ್ಯ ಹಿಂಡಿ, ಸ್ವಲ್ಪ ನೀರು ಬೆರೆಸಿ ಕೈಯಾಡಿಸಿದರೆ ಮದುವೆ ಮುಗಿಯಿತು. ಬೇಕರಿಯ ತಟ್ಟೆಗಳಂತೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಲ್ಲಿ, ಸೋಸಿದ ತಣ್ಣೀರಿನ ಹರಿವಿನಲ್ಲಿ ಮೊಟ್ಟೆ ಒಡೆಯುತ್ತದೆ. ಆಮೇಲೆ ಕಾಂಕ್ರೀಟ್ ಕಾಲುವೆ. ಕೆಲಸಗಾರ ಒಂದು ಹಿಡಿ ಆಹಾರದ ಗುಳಿಗೆ ಎರಚಿದೊಡನೆ ನೀರು ಕುದಿಯುವಂತೆ ಮರಿಗಳು ಮೇಲಕ್ಕೆ ನುಗ್ಗುತ್ತವೆ. ಬಿಡುವ ಮುನ್ನ ಬೆನ್ನಿನ ಹಿಂಭಾಗದ ಪುಟ್ಟ ಈಜುರೆಕ್ಕೆಯನ್ನು ಕತ್ತರಿಸುತ್ತಾರೆ. ಅದಿಲ್ಲದ ಮೀನು ತೊಟ್ಟಿಯದು, ಗಾಳ ಹಾಕಿದವರು ಮನೆಗೆ ಒಯ್ಯಬಹುದು. ಅದಿದ್ದರೆ ಬಹಳ ಕಡೆ ನೀರಿಗೆ ವಾಪಸು ಬಿಡಬೇಕು.

ಸಿಯಾಟಲ್ ಪಕ್ಕದ ಇಸಕ್ವಾ ಊರಿನ ನಟ್ಟನಡುವೆ 1930ರ ದಶಕದ ಒಂದು ಹ್ಯಾಚರಿ ಇದೆ. ಅಕ್ಟೋಬರಿನ ಸಾಲ್ಮನ್ ಜಾತ್ರೆಗೆ ಆ ಭಾಗದ ಕನ್ನಡಿಗರೂ ಮಕ್ಕಳನ್ನು ಕರೆದೊಯ್ಯುವುದುಂಟು. ಗಾಜಿನ ಆಚೆ ಅಷ್ಟುದ್ದದ ಮೀನು ನೆಗೆಯುವುದನ್ನು ಕಂಡ ಯಾರಿಗೇ ಆಗಲಿ, ಇದರಲ್ಲಿ ತಪ್ಪೇನಿದೆ ಎನ್ನಿಸುತ್ತದೆ. ಹೊಳೆಯಲ್ಲಿ ನೂರಕ್ಕೆ ಹತ್ತೂ ಬದುಕದ ಕಡೆ ತೊಟ್ಟಿಯಲ್ಲಿ ಎಂಬತ್ತು ತೊಂಬತ್ತು ಬದುಕುತ್ತವೆ. ತಂಟೆ ಶುರುವಾಗುವುದೂ ಇಲ್ಲಿಂದಲೇ.

ಅಣೆಕಟ್ಟಿಗೆ ಕೊಟ್ಟ ರಸೀದಿ

ಪೆಸಿಫಿಕ್ ಕರಾವಳಿಯ ಮೊದಲ ಹ್ಯಾಚರಿ 1872ರಲ್ಲಿ ಕ್ಯಾಲಿಫೋರ್ನಿಯಾದ ಮೆಕ್ಲೌಡ್ ನದಿಯ ದಂಡೆಯಲ್ಲಿ ಶುರುವಾಯಿತು. ಕಟ್ಟಿಸಿದವರು ಮೀನು ಸಾಕಣೆಯ ತಜ್ಞ ಲಿವಿಂಗ್‌ಸ್ಟನ್ ಸ್ಟೋನ್. ಐದು ವರ್ಷದ ಹೊತ್ತಿಗೆ ಕೊಲಂಬಿಯಾದ ಉಪನದಿ ಕ್ಲಾಕಮಸ್‌ಗೂ ಅದು ಬಂತು. ಆಗ ನದಿಮುಖದಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಕಾಲ. ಮೀನುಗಾರಿಕೆಗೆ ಮಿತಿ ಹಾಕುವುದಕ್ಕಿಂತ ಮೀನನ್ನೇ ತಯಾರಿಸುವುದು ಸುಲಭ ಎಂಬ ನಂಬಿಕೆ ಆಗಲೇ ಹುಟ್ಟಿತು. ಫಲಿತಾಂಶ ಅಳೆದು ನೋಡುವ ಗೋಜಿಗೆ ಬಹುಕಾಲ ಯಾರೂ ಹೋಗಲಿಲ್ಲ.

ಹ್ಯಾಚರಿ ಊರೂರಿಗೆ ಬಂದದ್ದು ಅಣೆಕಟ್ಟುಗಳ ಬೆನ್ನಿಗೆ. 1938ರಲ್ಲಿ ಕೊಲಂಬಿಯಾ ನದಿಯ ಬಾನೆವಿಲ್ ಅಣೆಕಟ್ಟು ಮುಗಿಯಿತು. ಅದೇ ವರ್ಷ ಹ್ಯಾಚರಿಗಳಿಗೆ ಕೇಂದ್ರದ ಹಣ ಒದಗಿಸುವ ಮಿಚೆಲ್ ಕಾಯ್ದೆ ಬಂತು. ಅದೇ ನದಿಯಲ್ಲಿ 1942ರಲ್ಲಿ ಪೂರ್ಣಗೊಂಡ ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮೀನು ಹತ್ತುವ ಏಣಿಯನ್ನೇ ಇಡಲಿಲ್ಲ. ಅದರಾಚೆಗಿನ ಇಡೀ ಮೇಲ್ದಂಡೆ ಒಮ್ಮೆಲೇ ಸಾಲ್ಮನ್‌ಗೆ ಇಲ್ಲವಾಯಿತು. ನೀರು ನಿಲ್ಲುವ ಮುನ್ನ, 1940ರ ಜೂನ್‌ನಲ್ಲಿ, ಮೂಲನಿವಾಸಿಗಳು ಕೆಟಲ್ ಜಲಪಾತದ ಬಳಿ ಸೇರಿ ಮುಳುಗಲಿದ್ದ ಮೀನಿನ ನೆಲೆಗೆ ಕಣ್ಣೀರಿನ ವಿದಾಯ ಹೇಳಿದರು. ಸರ್ಕಾರ ಅದಕ್ಕೆ ಬದಲಾಗಿ ಕೆಳಗಡೆ ಹ್ಯಾಚರಿ ಕಟ್ಟಿಸಿತು. ಕ್ಯಾಲಿಫೋರ್ನಿಯಾದಲ್ಲಿ ಶಾಸ್ತಾ ಅಣೆಕಟ್ಟಿಗೆ ಪರಿಹಾರವೆಂದು ಕೋಲ್‌ಮನ್ ಹ್ಯಾಚರಿ ಬಂತು. ಸ್ನೇಕ್ ನದಿಯ ನಾಲ್ಕು ಅಣೆಕಟ್ಟುಗಳ ಸಾಲು 1975ಕ್ಕೆ ಮುಗಿದರೆ, ಮರುವರ್ಷವೇ ಅದಕ್ಕೂ ಒಂದು ಹ್ಯಾಚರಿ ಪರಿಹಾರ ಯೋಜನೆ ಮಂಜೂರಾಯಿತು.

ಹೀಗಾಗಿ ಇಲ್ಲಿ ಹ್ಯಾಚರಿ ಎಂಬುದು ಜೀವಶಾಸ್ತ್ರದ ಯೋಜನೆಯಾಗುವ ಮೊದಲು ಒಂದು ಸಾಲದ ಪತ್ರ. ಹೊಳೆ ಕಸಿದುಕೊಂಡವರು ಅದರ ಬದಲಿಗೆ ಮೀನು ಕೊಡುತ್ತೇವೆ ಎಂದು ಬರೆದುಕೊಟ್ಟದ್ದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಜಗಳದ ಅರ್ಧ ತಾನೇ ಬಿಡಿಸಿಕೊಳ್ಳುತ್ತದೆ.

ಸಾಲ ತೀರಿತೇ? ಬಿಳಿಯರು ಬರುವ ಮುನ್ನ ಕೊಲಂಬಿಯಾಕ್ಕೆ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮರಳುತ್ತಿದ್ದವೆಂದು ಅಂದಾಜು. ಈಗ ಒಳ್ಳೆಯ ವರ್ಷದಲ್ಲಿ 20 ಲಕ್ಷದ ಆಚೀಚೆ, ಅದರಲ್ಲೂ ಬಹುಪಾಲು ತೊಟ್ಟಿಮೀನು. ನಲವತ್ತು ವರ್ಷಗಳಲ್ಲಿ ಈ ಕೊಳ್ಳದ ಮೀನಿನ ಮೇಲೆ ಆದ ಸಾರ್ವಜನಿಕ ಖರ್ಚು 900 ಕೋಟಿ ಡಾಲರ್‌ಗೂ ಹೆಚ್ಚು ಎಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ತೊಟ್ಟಿಮೀನು ಹೆಚ್ಚಿದ್ದು ಅದರಲ್ಲಿ ಕಂಡಿತು. ಹೊಳೆಮೀನು ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ.

ಹುಡ್ ನದಿಯಲ್ಲಿ ಬಿಚ್ಚಿಕೊಂಡ ವಂಶಾವಳಿ

ಬಹುಕಾಲ ಹ್ಯಾಚರಿ ವಿರೋಧಿಗಳ ಬಳಿ ಇದ್ದದ್ದು ಅನುಮಾನ ಮಾತ್ರ. ಪುರಾವೆ ಸಿಕ್ಕಿದ್ದು ಆರೆಗಾನ್‌ನ ಹುಡ್ ನದಿಯಲ್ಲಿ. ಅಲ್ಲಿ ಪೌಡರ್‌ಡೇಲ್ ಎಂಬ ಸಣ್ಣ ಅಣೆಕಟ್ಟಿತ್ತು. ಮೇಲೆ ಹೋಗುವ ಪ್ರತಿ ಸ್ಟೀಲ್‌ಹೆಡ್ ಕೂಡ ಅಲ್ಲಿನ ಬೋನಿನ ಮೂಲಕವೇ ಹೋಗಬೇಕಿತ್ತು. 1990ರ ದಶಕದ ಆರಂಭದಿಂದ ಪ್ರತಿ ಮೀನನ್ನೂ ಹಿಡಿದು, ಕೆಲವು ಹುರುಪೆ ಕಿತ್ತು, ಲಕೋಟೆಗೆ ಹಾಕಿ ಮೇಲಕ್ಕೆ ಬಿಟ್ಟರು. ಹುರುಪೆಯಿಂದ ಡಿಎನ್‌ಎ ತೆಗೆಯುವುದು ಸಲೀಸಾದ ಮೇಲೆ ಆ ಲಕೋಟೆಗಳು ಒಂದು ನದಿಯ ಪೂರ್ತಿ ವಂಶಾವಳಿಯಾದವು. ಯಾವ ಮೀನಿನ ಅಪ್ಪ ಯಾರು, ಅಜ್ಜಿ ತೊಟ್ಟಿಯದೋ ಹೊಳೆಯದೋ, ಎಲ್ಲವೂ ಗೊತ್ತಾಗತೊಡಗಿತು.

ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ತೊಟ್ಟಿಯಲ್ಲಿ ಕಳೆದ ಪ್ರತಿ ತಲೆಮಾರಿಗೆ, ಹೊಳೆಯಲ್ಲಿ ಸಂತಾನ ಉಳಿಸುವ ಶಕ್ತಿ ಸುಮಾರು ಶೇ 40ರಷ್ಟು ಕುಸಿಯುತ್ತದೆ. 2016ರಲ್ಲಿ ಅದೇ ನದಿಯ ಮೀನಿನ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಮೊದಲ ತಲೆಮಾರಿನ ತೊಟ್ಟಿಮೀನಿನ ಮರಿ, ಹೊಳೆಮೀನಿನ ಮರಿ ಎರಡನ್ನೂ ಒಂದೇ ಬಗೆಯ ನೀರಿನಲ್ಲಿ ಬೆಳೆಸಿದರು. 723 ಜೀನ್‌ಗಳು ಬೇರೆ ಬೇರೆ ಮಟ್ಟದಲ್ಲಿ ಕೆಲಸ ಮಾಡುತ್ತಿದ್ದವು. ಗಾಯ ಮಾಯುವುದು, ರೋಗ ತಡೆಯುವುದು, ಆಹಾರ ಅರಗಿಸುವುದಕ್ಕೆ ಸಂಬಂಧಿಸಿದ ಜೀನ್‌ಗಳು ಅವುಗಳಲ್ಲಿ ಹೆಚ್ಚು. ಕಾಂಕ್ರೀಟ್ ಕಾಲುವೆಯ ನೂಕುನುಗ್ಗಲಿನಲ್ಲಿ ಮೈಗೆ ಮೈ ತಾಗಿ ಗಾಯವಾಗುತ್ತಿರುವ ಮೀನಿಗೆ ಬೇಕಾದ್ದು ಇಂಥವೇ.

ಕಾರಣ ತಿಳಿಯಲು ಕಷ್ಟವಿಲ್ಲ. ಹೊಳೆಯಲ್ಲಿ ಅಂಜುಬುರುಕ ಮರಿ ಬದುಕುತ್ತದೆ. ನೆರಳು ಕಂಡರೆ ಕಲ್ಲಿನಡಿ ಸೇರುತ್ತದೆ. ತೊಟ್ಟಿಯಲ್ಲಿ ನೆರಳು ಎಂದರೆ ಊಟ ತಂದವನು. ಅಲ್ಲಿ ಮುನ್ನುಗ್ಗುವ ಮರಿಯೇ ದಪ್ಪಗಾಗುತ್ತದೆ. ಹೊಳೆಯಲ್ಲಿ ಸಾಯಬೇಕಿದ್ದ ನೂರಾರು ಮರಿಗಳನ್ನು ತೊಟ್ಟಿ ಬದುಕಿಸುವುದರಿಂದ, ಹೊಳೆ ಮಾಡುತ್ತಿದ್ದ ಜರಡಿ ಕೆಲಸ ನಿಂತುಹೋಗುತ್ತದೆ. ಜೊತೆಗಾರನ ಆಯ್ಕೆ ಹೆಣ್ಣಿನ ಕೈಬಿಟ್ಟು ಬಕೆಟ್ ಹಿಡಿದವನ ಕೈಗೆ ಬಂದಿದೆ. ಆತ ತನ್ನ ಮೊಟ್ಟೆಯ ಗುರಿ ತುಂಬಲು ಮೊದಲು ಬಂದ ಮೀನುಗಳನ್ನೇ ಹಿಡಿದರೆ, ಕೆಲವೇ ದಶಕಗಳಲ್ಲಿ ಇಡೀ ಸಂತತಿ ಹೊಳೆಗೆ ಬರುವ ಕಾಲವೇ ಮುಂಚಿತವಾಗುತ್ತದೆ. ಮಳೆ ತಡವಾದ ವರ್ಷ ಅದರ ಬೆಲೆ ಗೊತ್ತಾಗುತ್ತದೆ.

ನಾಟಿ ಕೋಳಿ, ಫಾರಂ ಕೋಳಿ ಎಂದು ನಾವು ಹೇಳುವುದು ಇದನ್ನೇ ಎಂದು ತೋರಬಹುದು. ಒಂದು ದೊಡ್ಡ ವ್ಯತ್ಯಾಸವಿದೆ. ಫಾರಂ ಕೋಳಿಯನ್ನು ಯಾರೂ ಕಾಡಿಗೆ ಬಿಟ್ಟು ಕಾಡುಕೋಳಿಯೊಡನೆ ಸಂಸಾರ ಹೂಡಿಸುವುದಿಲ್ಲ. ತೊಟ್ಟಿಮೀನು ತಾನೊಂದೇ ದುರ್ಬಲವಾಗಿ ಉಳಿದರೆ ನಷ್ಟ ಅದಕ್ಕಷ್ಟೇ. ದಾರಿ ತಪ್ಪಿ ಪಕ್ಕದ ಹೊಳೆ ಹತ್ತಿ ಅಲ್ಲಿನ ಹೊಳೆಮೀನಿನ ಜೊತೆ ಕೂಡಿದರೆ, ಸಾವಿರಾರು ವರ್ಷ ಆ ನೀರಿಗೆ ಹದಗೊಂಡ ಒಕ್ಕಲಿಗೆ ಸಡಿಲ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ದಾರಿತಪ್ಪುವಿಕೆಯನ್ನು ಸರ್ಕಾರವೇ ಹೆಚ್ಚಿಸಿತು. ಅಲ್ಲಿ ನದಿಯ ಕೆಳಹರಿವು ಮರಿಗಳಿಗೆ ಅಪಾಯಕರವಾದ್ದರಿಂದ ಅವುಗಳನ್ನು ಲಾರಿಗೆ ತುಂಬಿ ಕೊಲ್ಲಿಗೇ ಒಯ್ದು ಬಿಡುತ್ತಾರೆ. ಲಾರಿಯಲ್ಲಿ ಹೋದ ಮರಿಗೆ ತವರಿನ ದಾರಿ ಎಲ್ಲಿಂದ ನೆನಪಿರಬೇಕು?

ಬಲೆಗೆ ಮೀನಿನ ಜಾತಕ ತಿಳಿಯದು

ಜೀನ್‌ಗಿಂತ ಬೇಗ ಪೆಟ್ಟು ಕೊಡುವುದು ಲೆಕ್ಕ. ಹ್ಯಾಚರಿಯ ಕೃಪೆಯಿಂದ ಕಡಲಿನಲ್ಲಿ ಮೀನು ಹೆಚ್ಚಿದೆ ಎಂದು ಬಲೆ ಹೆಚ್ಚಿಸುತ್ತಾರೆ. ನೂರು ತೊಟ್ಟಿಮೀನಿನ ನಡುವೆ ಐದು ಹೊಳೆಮೀನು ಇದ್ದರೆ ಅವೂ ಬಲೆಗೆ ಬೀಳುತ್ತವೆ. ತೊಟ್ಟಿಗೆ ಮುಂದಿನ ವರ್ಷಕ್ಕೆ ಕೆಲವು ನೂರು ಜೋಡಿ ಸಾಕು, ಹೊಳೆಗೆ ಆ ಐದೂ ಬೇಕು. 1970ರ ದಶಕದಲ್ಲಿ ಆರೆಗಾನ್ ಕರಾವಳಿಯ ಕೋಹೋ ಸಾಲ್ಮನ್ ಕಥೆ ಹೀಗೇ ಆಯಿತು. ಕಡಲು ಸಮೃದ್ಧವಾಗಿದ್ದ ವರ್ಷಗಳವು. 1976ರಲ್ಲಿ ಭಾರಿ ಬೇಟೆಯಾಯಿತು, ಎಲ್ಲರೂ ಹ್ಯಾಚರಿಯ ಬೆನ್ನು ತಟ್ಟಿದರು. ಮರುವರ್ಷ ಕಡಲಿನ ಗಾಳಿ ಬದಲಾಗುತ್ತಿದ್ದಂತೆ ಬೇಟೆ ಕುಸಿಯಿತು. ಇನ್ನಷ್ಟು ಮರಿ ಬಿಟ್ಟರೂ ಅದು ಮೇಲೇಳಲಿಲ್ಲ. 1990ರ ದಶಕದಲ್ಲಿ ಮರಿ ಬಿಡುವುದನ್ನೂ ಹಿಡಿಯುವುದನ್ನೂ ಬಿಗಿಯಾಗಿ ಇಳಿಸಿದ ಮೇಲೆ ಹೊಳೆಯ ಕೋಹೋ ನಿಧಾನಕ್ಕೆ ಚೇತರಿಸಿಕೊಂಡಿತು. ಮೊಂಟಾನಾ ರಾಜ್ಯ 1974ರಲ್ಲೇ ತನ್ನ ನದಿಗಳಿಗೆ ತೊಟ್ಟಿಯ ಟ್ರೌಟ್ ಬಿಡುವುದನ್ನು ನಿಲ್ಲಿಸಿತ್ತು. ಗಾಳ ಹಾಕುವವರು ಕೂಗಾಡಿದರು, ಆಮೇಲೆ ಹೊಳೆಯ ಟ್ರೌಟ್ ಹೆಚ್ಚಿತು, ಕೂಗು ತಣ್ಣಗಾಯಿತು.

ಕಡಲಿಗೂ ಒಂದು ಮಿತಿಯಿದೆ ಎಂಬ ವಾದ ಇತ್ತೀಚಿನದು. ಅಮೆರಿಕ, ಜಪಾನ್, ರಷ್ಯಾ, ಕೆನಡಾ ಸೇರಿ ಉತ್ತರ ಪೆಸಿಫಿಕ್‌ಗೆ ವರ್ಷಕ್ಕೆ ಸುಮಾರು 500 ಕೋಟಿ ಹ್ಯಾಚರಿ ಮರಿ ಬಿಡುತ್ತವೆ. ಅಲಾಸ್ಕಾದ ಗುಲಾಬಿ ಸಾಲ್ಮನ್ ಅದರಲ್ಲಿ ದೊಡ್ಡ ಪಾಲು. ಗುಲಾಬಿ ಸಾಲ್ಮನ್‌ನ ಆಯುಸ್ಸು ಕರಾರುವಾಕ್ಕಾಗಿ ಎರಡು ವರ್ಷ. ಹಾಗಾಗಿ ಬೆಸ ಸಂಖ್ಯೆಯ ವರ್ಷಗಳಲ್ಲಿ ಅದು ಕಡಲು ತುಂಬುತ್ತದೆ, ಸಮ ಸಂಖ್ಯೆಯ ವರ್ಷಗಳಲ್ಲಿ ಕಡಿಮೆ. ಅದು ತುಂಬಿದ ವರ್ಷ ಸಾಕ್ಐ ಸಾಲ್ಮನ್‌ನ ಬೆಳವಣಿಗೆ ಕುಂಠಿತವಾಗುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಇದರಲ್ಲಿ ಹ್ಯಾಚರಿಯ ಪಾಲೆಷ್ಟು, ಬಿಸಿಯಾಗುತ್ತಿರುವ ಕಡಲಿನ ಪಾಲೆಷ್ಟು ಎಂಬುದರ ಮೇಲೆ ಜಗಳ ನಡೆದಿದೆ. ಅದೇ ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯಲ್ಲಿ ಹ್ಯಾಚರಿ ಇಲ್ಲ, ಅಣೆಕಟ್ಟೂ ಇಲ್ಲ. 2022ರಲ್ಲಿ ಅಲ್ಲಿಗೆ ಮರಳಿದ ಸಾಕ್ಐ ಸುಮಾರು 7.9 ಕೋಟಿ, ಅದುವರೆಗಿನ ದಾಖಲೆ. ಇದನ್ನು ಹ್ಯಾಚರಿ ವಿರೋಧಿಗಳು ಉತ್ಸಾಹದಿಂದ ಉದಾಹರಿಸುತ್ತಾರೆ. ಹೊಳೆಗಳೆಲ್ಲ ಇಡಿಯಾಗಿ ಉಳಿದಿರುವ ಕಡೆಯ ಮಾತನ್ನು ಹೊಳೆಯೇ ಉಳಿಯದ ಕಡೆ ಹೇಳಿ ಪ್ರಯೋಜನವೇನು ಎಂಬ ಮರುಪ್ರಶ್ನೆಗೆ ಅವರ ಉತ್ತರ ಅಷ್ಟು ಉತ್ಸಾಹದ್ದಲ್ಲ.

ಕಾಯ್ದೆಗೆ ಯಾವ ಮೀನು ಮೀನು?

1990ರ ದಶಕದ ಕೊನೆಯಲ್ಲಿ ಆರೆಗಾನ್‌ನ ಆಲ್ಸಿ ನದಿಯ ಒಂದು ಹ್ಯಾಚರಿಯಲ್ಲಿ, ಮರಳಿ ಬಂದ ತೊಟ್ಟಿ ಕೋಹೋಗಳನ್ನು ಸಿಬ್ಬಂದಿ ಬೇಸ್‌ಬಾಲ್ ದಾಂಡಿನಿಂದ ಹೊಡೆದು ಕೊಲ್ಲುವ ವಿಡಿಯೊ ಹೊರಬಿತ್ತು. ಹೊಳೆಮೀನಿನ ಜೊತೆ ಬೆರೆಯದಿರಲೆಂದು ಹಾಗೆ ಮಾಡಿದ್ದರು. ಒಂದು ಕಡೆ ಕೋಹೋ ಅಳಿಯುತ್ತಿದೆ ಎಂದು ರೈತನ, ಮರಕಡಿಯುವವನ ಕೈಕಟ್ಟುತ್ತೀರಿ, ಇನ್ನೊಂದು ಕಡೆ ಕೋಹೋವನ್ನು ಬಡಿದು ಸಾಯಿಸುತ್ತೀರಿ ಎಂದು ಸ್ಥಳೀಯರು ರೊಚ್ಚಿಗೆದ್ದರು. ನೋಡಲು ನ್ಯಾಯವಾದ ಸಿಟ್ಟೇ. ಪ್ರಕರಣ ಕೋರ್ಟಿಗೆ ಹೋಗಿ, 2001ರಲ್ಲಿ ನ್ಯಾಯಾಧೀಶ ಮೈಕೆಲ್ ಹೋಗನ್ ಅವರು ಒಂದೇ ಗುಂಪಿಗೆ ಸೇರಿದ ತೊಟ್ಟಿಮೀನನ್ನು ಹೊರಗಿಟ್ಟು ಹೊಳೆಮೀನಿಗಷ್ಟೇ ರಕ್ಷಣೆ ಕೊಡುವಂತಿಲ್ಲ ಎಂದರು.

ಪರಿಣಾಮ ಊಹಿಸಿ: ತೊಟ್ಟಿಮೀನನ್ನೂ ಎಣಿಸಿದರೆ ಸಾಲ್ಮನ್‌ಗೆ ಅಪಾಯವೇ ಇಲ್ಲ. ಅಪಾಯವಿಲ್ಲದಿದ್ದರೆ ಹೊಳೆದಂಡೆಯ ಕಾಡಿಗೂ ರಕ್ಷಣೆ ಬೇಕಿಲ್ಲ. ಕೊನೆಗೆ 2005ರಲ್ಲಿ ಕೇಂದ್ರ ಮೀನುಗಾರಿಕಾ ಇಲಾಖೆ ಒಂದು ನಡುದಾರಿ ಹಿಡಿಯಿತು. ಹತ್ತಿರದ ಸಂಬಂಧವಿರುವ ತೊಟ್ಟಿಮೀನನ್ನು ಗುಂಪಿಗೆ ಸೇರಿಸಬಹುದು, ಆದರೆ ಗುಂಪು ಅಪಾಯದಲ್ಲಿದೆಯೇ ಎಂಬುದನ್ನು ಅಳೆಯುವುದು ಹೊಳೆಯಲ್ಲಿ ತಾನಾಗಿ ಬದುಕಬಲ್ಲದೇ ಎಂಬುದರಿಂದ. ಮೇಲ್ಮನವಿ ನ್ಯಾಯಾಲಯವೂ ಇದನ್ನು ಒಪ್ಪಿತು. ಬಾನೆವಿಲ್ ಅಣೆಕಟ್ಟಿನ ಕಿಟಕಿಯಲ್ಲಿ ದಾಖಲೆಯ ಮೀನು ಎಣಿಸಿದರು ಎಂಬ ಸುದ್ದಿಯೂ, ಸಾಲ್ಮನ್ ಅಳಿವಿನಂಚಿನಲ್ಲಿದೆ ಎಂಬ ಸುದ್ದಿಯೂ ಒಂದೇ ವಾರ ಬಂದರೆ ಎರಡೂ ನಿಜವಾಗಿರುವುದು ಈ ಕಾರಣಕ್ಕೆ.

ಕೊಟ್ಟ ಮಾತಿನ ಪ್ರಶ್ನೆ

ಇಷ್ಟು ಓದಿದವರಿಗೆ ಹ್ಯಾಚರಿ ಮುಚ್ಚುವುದೇ ಸರಿ ಎನ್ನಿಸಿದರೆ, 1855ರ ಒಪ್ಪಂದಗಳನ್ನೂ ಓದಬೇಕು. ನೆಜ್ ಪರ್ಸ್, ಯಾಕಮಾ, ಯುಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್ ಜನರು ತಮ್ಮ ನೆಲದ ಬಹುಭಾಗ ಬಿಟ್ಟುಕೊಟ್ಟದ್ದು, ರೂಢಿಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕು ತಮಗೆ ಉಳಿಯುತ್ತದೆ ಎಂಬ ಷರತ್ತಿನ ಮೇಲೆ. ಇಂಥದೇ ಒಪ್ಪಂದಗಳ ಆಧಾರದಲ್ಲಿ 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ವಾಷಿಂಗ್ಟನ್ ರಾಜ್ಯದಲ್ಲಿ ಹಿಡಿಯಬಹುದಾದ ಮೀನಿನ ಅರ್ಧ ಪಾಲು ಮೂಲನಿವಾಸಿಗಳದು ಎಂದು ತೀರ್ಪಿತ್ತರು. ಅರ್ಧ ಪಾಲು ಸರಿ, ಯಾವುದರ ಅರ್ಧ? ಹೊಳೆಯಲ್ಲಿ ಮೀನೇ ಇಲ್ಲದಿದ್ದರೆ ಸೊನ್ನೆಯ ಅರ್ಧ ಸೊನ್ನೆಯೇ. ಅವರ ಮುಖ್ಯ ಮೀನುನೆಲೆಯಾದ ಸೆಲೈಲೊ ಜಲಪಾತ 1957ರಲ್ಲಿ ಅಣೆಕಟ್ಟಿನ ನೀರಿನಡಿ ಸೇರಿತು. ಪರಿಹಾರದ ಹ್ಯಾಚರಿಗಳೂ ಅವರಿಗೆ ದಕ್ಕಲಿಲ್ಲ. ಮಿಚೆಲ್ ಕಾಯ್ದೆಯ ಹಣದಲ್ಲಿ ಕಟ್ಟಿದವು ಹೆಚ್ಚಾಗಿ ಬಾನೆವಿಲ್‌ನ ಕೆಳಗೆ ಬಂದವು. ಮೀನು ಮರಳಿದ್ದು ಅಲ್ಲಿಗೆ, ಲಾಭ ಸಿಕ್ಕಿದ್ದು ಕಡಲಿನ ಮತ್ತು ಕೆಳದಂಡೆಯ ದೋಣಿಗಳಿಗೆ. ತವರು ಕಳೆದುಕೊಂಡವರಿಗೆ ಬಳುವಳಿಯೂ ತಪ್ಪಿತು.

ಈ ಅನ್ಯಾಯವನ್ನು ತಿರುಗಿಸಲು ಮೂಲನಿವಾಸಿಗಳು ಹಿಡಿದ ದಾರಿ ಕುತೂಹಲಕರ. ಹ್ಯಾಚರಿಯನ್ನೇ ಅವರು ಬೇರೆ ಬಗೆಯಲ್ಲಿ ಬಳಸಿದರು. ದೂರದ ತಳಿ ತರದೆ ಅದೇ ಹೊಳೆಯ ಮೀನನ್ನು ಪೋಷಕರಾಗಿ ಆರಿಸಿದರು. ಮರಿಗಳನ್ನು ಮೊಟ್ಟೆಯಿಡಬೇಕಾದ ಮೇಲ್ಹೊಳೆಯ ಕೊಳಗಳಲ್ಲೇ ಕೆಲವು ವಾರ ಇಟ್ಟು ಬಿಟ್ಟರು. ಮರಳಿದಾಗ ಬಡಿದು ಕೊಲ್ಲದೆ ಹೊಳೆಗೇ ಹೋಗಲು ಬಿಟ್ಟರು. ಸ್ನೇಕ್ ನದಿಯ ಲೋಯರ್ ಗ್ರಾನೈಟ್ ಅಣೆಕಟ್ಟನ್ನು 1990ರಲ್ಲಿ ದಾಟಿದ ಹೊಳೆಯ ಶರತ್ಕಾಲದ ಚಿನೂಕ್ ಬರೀ 78. ಅಲ್ಲಿಗೆ 2013ರಲ್ಲಿ ಬಂದ ಒಟ್ಟು ಚಿನೂಕ್ 50 ಸಾವಿರ ದಾಟಿತು, ಅದರಲ್ಲಿ ಹೊಳೆಯಲ್ಲೇ ಹುಟ್ಟಿದವೂ ಸಾವಿರಗಟ್ಟಲೆ. 1980ರ ದಶಕದಲ್ಲಿ ಪೂರ್ತಿ ಅಳಿದಿದ್ದ ಕ್ಲಿಯರ್‌ವಾಟರ್ ನದಿಯ ಕೋಹೋವನ್ನು ನೆಜ್ ಪರ್ಸ್ ಜನ 1990ರ ದಶಕದ ಮಧ್ಯದಿಂದ ಬೇರೆಡೆಯ ಮೊಟ್ಟೆ ತಂದು ಮತ್ತೆ ನೆಲೆಗೊಳಿಸಿದರು. 2014ರಲ್ಲಿ ಅಲ್ಲಿ ಗಾಳ ಹಾಕಲು ಅನುಮತಿಯೂ ಸಿಕ್ಕಿತು. ಐಡಹೋದ ಜಾನ್ಸನ್ ಕ್ರೀಕ್‌ನಲ್ಲಿ ನಡೆದ ವಂಶಾವಳಿ ಅಧ್ಯಯನದಲ್ಲಿ, ಸ್ಥಳೀಯ ಹೊಳೆಮೀನನ್ನೇ ಪೋಷಕರಾಗಿ ಬಳಸಿದಾಗ ಹುಡ್ ನದಿಯಂಥ ಕುಸಿತ ಕಾಣಲಿಲ್ಲ.

ಇನ್ನೂ ಕಟುವಾದ ಉದಾಹರಣೆ ರೆಡ್‌ಫಿಶ್ ಸರೋವರ. ಕಡಲಿನಿಂದ ಸುಮಾರು 1,450 ಕಿಲೋಮೀಟರ್ ದೂರ, ಸುಮಾರು 2,000 ಮೀಟರ್ ಎತ್ತರ. 1992ರಲ್ಲಿ ಅಲ್ಲಿಗೆ ಮರಳಿದ ಸಾಕ್ಐ ಒಂದೇ ಒಂದು, ಅದೂ ಗಂಡು. ಜನ ಅದಕ್ಕೆ ಒಂಟಿ ಲ್ಯಾರಿ ಎಂದು ಹೆಸರಿಟ್ಟರು. 1991ರಿಂದ 1998ರವರೆಗೆ ಮರಳಿದವು ಒಟ್ಟು 16. ಅವುಗಳನ್ನೇ ಹಿಡಿದು ತೊಟ್ಟಿಯಲ್ಲಿ ವಂಶ ಬೆಳೆಸಿದ್ದರಿಂದ 2014ರಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಮರಳಿದವು. ಇಲ್ಲಿ ತೊಟ್ಟಿ ಇಲ್ಲದಿದ್ದರೆ ಆ ಸಂತತಿಯ ಹೆಸರು ಹಳೆಯ ಕಡತದಲ್ಲಿ ಮಾತ್ರ ಇರುತ್ತಿತ್ತು. ಮೂವತ್ತು ವರ್ಷವಾದರೂ ಅದು ತೊಟ್ಟಿಯ ಆಸರೆ ಬಿಟ್ಟು ನಿಲ್ಲಲಾಗಿಲ್ಲ ಎಂಬುದೂ ಅಷ್ಟೇ ನಿಜ. ನಡುವೆ ಎಂಟು ಅಣೆಕಟ್ಟುಗಳಿವೆ.

ನನಗೆ ತೋರುವ ಮಟ್ಟಿಗೆ, ಎರಡೂ ಕಡೆಯವರ ವಿಜ್ಞಾನದಲ್ಲಿ ಹೇಳಿಕೊಳ್ಳುವಷ್ಟು ಭಿನ್ನಾಭಿಪ್ರಾಯ ಈಗ ಉಳಿದಿಲ್ಲ. ಹಿಡಿಯಲೆಂದು ಮೀನು ತಯಾರಿಸುವ ಹ್ಯಾಚರಿ ಹೊಳೆಮೀನಿಗೆ ಕೇಡು. ಸಾಯುತ್ತಿರುವ ಸಂತತಿಯನ್ನು ಹಿಡಿದಿಡುವ ಹ್ಯಾಚರಿ ಆಸ್ಪತ್ರೆಯ ತುರ್ತು ಕೊಠಡಿ. ತಕರಾರಿರುವುದು ತುರ್ತು ಕೊಠಡಿಯಲ್ಲಿ ಎಷ್ಟು ವರ್ಷ ಇಡುವುದು, ಕಾಯಿಲೆಯ ಮೂಲಕ್ಕೆ ಯಾರು ಕೈಹಾಕುವುದು ಎಂಬುದರಲ್ಲಿ. ಕೊಲಂಬಿಯಾದಿಂದ ಹೊರಡುವ ಮರಿಗಳಲ್ಲಿ ಹೆಚ್ಚಿನವು ಮೊದಲ ಬಗೆಯವು.

ಕಾವೇರಿಯ ಗೂನುಬೆನ್ನು

ಇದು ನಮಗೆ ದೂರದ ಕಥೆಯಲ್ಲ. ಕಾವೇರಿಯಲ್ಲಿ ಗೂನುಬೆನ್ನಿನ ಮಹಶೀರ್ ಎಂಬ ದೈತ್ಯ ಮೀನಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಮಹಶೀರ್ ಕಡಿಮೆಯಾಗುತ್ತಿದೆ ಎಂದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹ್ಯಾಚರಿಯ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಬಂದದ್ದು ಬೇರೆ ಜಾತಿ, ಮಹಾರಾಷ್ಟ್ರದ ಲೋನಾವಳಾದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ಲೆಕ್ಕ ಹಾಕಿದಾಗ, ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು, ಗೂನುಬೆನ್ನಿನ ಮರಿಗಳು ಕಾಣದಾಗುತ್ತಿದ್ದವು. ಸಂಖ್ಯೆ ನೋಡಿದವರಿಗೆ ಇದು ಯಶಸ್ಸಿನ ಕಥೆ. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ; ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಸಾಲ್ಮನ್‌ನಲ್ಲಿ ಒಂದೇ ಜಾತಿಯೊಳಗೆ ಆದದ್ದು ಇಲ್ಲಿ ಎರಡು ಜಾತಿಗಳ ನಡುವೆ ಆಗಿದೆ.

ಮುಂದೇನಾಗಬಹುದು

ಹ್ಯಾಚರಿಗಳ ಮೇಲೆ ಬೇಡಿಕೆ ಹೆಚ್ಚುತ್ತಲೇ ಇದೆ. ಸಿಯಾಟಲ್ ಸುತ್ತಲಿನ ಕಡಲಿನಲ್ಲಿ ಎಪ್ಪತ್ತರ ಆಚೀಚೆ ಉಳಿದಿರುವ ಓರ್ಕಾ ತಿಮಿಂಗಿಲಗಳ ಮುಖ್ಯ ಆಹಾರ ಚಿನೂಕ್. 2018ರಲ್ಲಿ ತಾಯಿ ಓರ್ಕಾ ಒಂದು ಸತ್ತ ಮರಿಯನ್ನು 17 ದಿನ ಹೊತ್ತು ತಿರುಗಿದ್ದನ್ನು ಜಗತ್ತೇ ನೋಡಿತು. ಆ ಮರುಕದಲ್ಲಿ ವಾಷಿಂಗ್ಟನ್ ರಾಜ್ಯ ಓರ್ಕಾಗಳಿಗೆಂದೇ ಹೆಚ್ಚು ಚಿನೂಕ್ ಮರಿ ಬಿಡತೊಡಗಿತು. ಒಂದು ಅಳಿವಿನಂಚಿನ ಜೀವಿಯ ಹೊಟ್ಟೆ ತುಂಬಿಸಲು ಇನ್ನೊಂದು ಅಳಿವಿನಂಚಿನ ಮೀನಿನ ವಂಶಕ್ಕೆ ಅಪಾಯ ತಂದುಕೊಳ್ಳುವ ಈ ಲೆಕ್ಕ ಕೋರ್ಟಿನಲ್ಲೂ ಚರ್ಚೆಯಾಗಿದೆ. ಕಾರ್ಯಕ್ರಮ ನಿಂತಿಲ್ಲ. ಅಣೆಕಟ್ಟು ಒಡೆಯುವ ಮಾತು ಹಿಂದೆ ಸರಿದಷ್ಟೂ ಇಂಥ ಯೋಜನೆಗಳು ಮುಂದೆ ಬರುತ್ತವೆ, ಏಕೆಂದರೆ ಮರಿ ಬಿಡುವುದಕ್ಕೆ ಯಾರ ವಿದ್ಯುತ್ತೂ ಯಾರ ಬಂದರೂ ಹೋಗುವುದಿಲ್ಲ, ಬಿಡುವ ದಿನ ಶಾಲೆಯ ಮಕ್ಕಳನ್ನು ಕರೆಸಿ ಫೋಟೊ ತೆಗೆಸಬಹುದು.

ಇದಕ್ಕೆ ವಿರುದ್ಧ ದಿಕ್ಕಿನ ಪ್ರಯೋಗ ಕ್ಲಾಮತ್ ನದಿಯಲ್ಲಿ ನಡೆದಿದೆ. ಕ್ಯಾಲಿಫೋರ್ನಿಯಾ ಮತ್ತು ಆರೆಗಾನ್ ಗಡಿಯ ಆ ನದಿಯ ನಾಲ್ಕು ಅಣೆಕಟ್ಟುಗಳನ್ನು ಕೆಡವುವ ಕೆಲಸ 2024ರ ಅಕ್ಟೋಬರ್ ಆರಂಭದಲ್ಲಿ ಮುಗಿಯಿತು. ಅದೇ ತಿಂಗಳ 16ರಂದು, ಹಳೆಯ ಜೆ.ಸಿ. ಬಾಯ್ಲ್ ಅಣೆಕಟ್ಟಿದ್ದ ಜಾಗದ ಮೇಲಿನ ಉಪಹೊಳೆಯೊಂದರಲ್ಲಿ ಚಿನೂಕ್ ಕಾಣಿಸಿತು. ಕ್ಲಾಮತ್‌ನ ಆರೆಗಾನ್ ಭಾಗಕ್ಕೆ ಕಡಲಿನಿಂದ ಮೀನು ಬಂದದ್ದು 1912ರ ನಂತರ ಅದೇ ಮೊದಲು. ಅದನ್ನು ಯಾರೂ ಲಾರಿಯಲ್ಲಿ ತಂದಿರಲಿಲ್ಲ. ಅಲ್ಲಿ ಹುಟ್ಟಿದ ಮೀನೂ ಅದಾಗಿರಲು ಸಾಧ್ಯವಿಲ್ಲ. ನೂರು ವರ್ಷ ಅಲ್ಲಿ ಹುಟ್ಟಿದ ಸಾಲ್ಮನ್ ಇಲ್ಲ. ಬೇರೆಡೆ ಶಾಪವೆನಿಸಿದ ದಾರಿತಪ್ಪುವಿಕೆಯೇ ಇಲ್ಲಿ ಖಾಲಿ ಹೊಳೆಗೆ ಹೊಸ ಒಕ್ಕಲು ತರುವ ದಾರಿ. ಶರತ್ಕಾಲದ ಚಿನೂಕ್ ತಾನಾಗಿಯೇ ಮೇಲೇರಿ ನೆಲೆ ಹುಡುಕಿಕೊಳ್ಳಲಿ ಎಂಬುದು ಆರೆಗಾನ್‌ನ ಯೋಜನೆ. ಸಂಖ್ಯೆ ತೀರ ಕಡಿಮೆಯಿರುವ ವಸಂತಕಾಲದ ಚಿನೂಕ್‌ಗೆ ಮಾತ್ರ ಮನುಷ್ಯನ ಕೈ ಬೇಕಾಗಬಹುದು ಎಂದು ಅದೇ ಯೋಜನೆ ಹೇಳುತ್ತದೆ.

ಅಲ್ಲೂ ಒಂದು ಹ್ಯಾಚರಿ ಇದೆ, ಫಾಲ್ ಕ್ರೀಕ್. ಕೆಡವಿದ ಐರನ್ ಗೇಟ್ ಅಣೆಕಟ್ಟಿನ ಹಳೆಯ ಹ್ಯಾಚರಿಯ ಜಾಗಕ್ಕೆ ಬಂದದ್ದು. ಅದರ ಮೊದಲ ದೊಡ್ಡ ಬಿಡುಗಡೆ 2024ರ ಫೆಬ್ರುವರಿಯಲ್ಲಿ, ಸುಮಾರು 8 ಲಕ್ಷ 30 ಸಾವಿರ ಚಿನೂಕ್ ಮರಿ. ಇನ್ನೂ ನಿಂತಿದ್ದ ಐರನ್ ಗೇಟ್‌ನ ಸುರಂಗ ದಾಟುವಾಗ ನೀರಿನ ಒತ್ತಡದಿಂದ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಹೆಚ್ಚಿನವು ಸತ್ತವು. ಈ ಹ್ಯಾಚರಿಗೆ ಒಂದು ವಿಶೇಷವಿದೆ. ಅಣೆಕಟ್ಟು ಹೋದ ಮೇಲೆ ಎಂಟು ವರ್ಷ ನಡೆಸುವುದು ಎಂದು ಅದಕ್ಕೆ ಮೊದಲೇ ಗಡುವು ಗೊತ್ತುಮಾಡಿದ್ದಾರೆ. ಅಂದರೆ 2032ರ ಸುಮಾರಿಗೆ ಅದರ ಕೆಲಸ ಮುಗಿಯಬೇಕು. ಅಷ್ಟರೊಳಗೆ ಒಂದೆರಡು ಬರಗಾಲ ಬಂದು ಕಡಲಿನ ಬೇಟೆ ಮತ್ತೆ ಕುಸಿದರೆ, ಇನ್ನೆರಡು ವರ್ಷ ನಡೆಸಿ ಎಂಬ ಮನವಿ ದೋಣಿಯವರಿಂದಲೇ ಮೊದಲು ಬರುತ್ತದೆ. ಸಾಲದ ಪತ್ರ ಹರಿದ ಮೇಲೂ ಕಂತು ಕಟ್ಟುತ್ತಲೇ ಇರಬೇಕೇ ಎಂಬುದನ್ನು ಆಗ ಕ್ಲಾಮತ್ ದಂಡೆಯವರು ಮೊದಲ ಬಾರಿಗೆ ತೀರ್ಮಾನಿಸಬೇಕಾಗುತ್ತದೆ.